ನೆರಳಿನ ಮುಖಪುಟ

ಶಾಲೆಯ ವಾರ್ಷಿಕ ಸಂಚಿಕೆಗೆಂದು ಹುಡುಗಿ ಬರೆದು ತಂದ ಚಿತ್ರಗಳನ್ನು ಹೆಡ್ಮಾಸ್ಟರು ಮೇಜಿನ ಮೇಲೆ ಹರಡಿಕೊಂಡರು. ಮುಖಪುಟದಿಂದ ಕೊನೆಯ ಪುಟದವರೆಗೆ ಎಲ್ಲೂ ಮಕ್ಕಳ ಮುಖವಿಲ್ಲ. ಮೈದಾನದ ಮೇಲೆ ಬಿದ್ದ ಅವರ ನೆರಳುಗಳು ಮಾತ್ರ ಓಡುತ್ತಿದ್ದವು, ಜಗಳವಾಡುತ್ತಿದ್ದವು, ಒಂದರ ಜಡೆಯನ್ನು ಇನ್ನೊಂದು ಎಳೆಯುತ್ತಿತ್ತು.

"ಎಲ್ಲರ ನೆರಳೂ ಒಂದೇ ಬಣ್ಣ ಸರ್," ಎಂದಳು ಹುಡುಗಿ.

"ಭೇಷ್! ಇದೇ ಇರಲಿ," ಎಂದರು ಹೆಡ್ಮಾಸ್ಟರು. ಅವಳು ಹೊರಗೆ ಹೋದ ಮೇಲೆ ಪಕ್ಕದಲ್ಲಿ ಕೂತಿದ್ದ ಚಿತ್ರಕಲೆ ಟೀಚರ್ ಕಡೆ ಬಾಗಿದರು. "ಬಿಡುಗಡೆ ದಿನ ಸ್ಟೇಜ್ ಮೇಲೆ ಇದನ್ನ ವಿವರಿಸೋಕೆ ಬೇರೆ ಹುಡುಗೀನ ನಿಲ್ಸಿ. ಸ್ವಲ್ಪ ಬೆಳ್ಳಗಿರೋಳು. ಪೇಪರ್‌ನೋರು ಫೋಟೋ ತೆಗೀತಾರೆ."

ಇಂಥ ಮನುಷ್ಯನ ಕೈಕೆಳಗೆ ದುಡಿಯಬೇಕಲ್ಲ ಎಂದು ಟೀಚರ್‌ಗೆ ನಾಚಿಕೆಯಾಯಿತು. ಆದರೂ "ಸರಿ ಸರ್" ಎಂದೇ ಎದ್ದುಬಂದರು.

ವರಾಂಡದಲ್ಲಿ ಹುಡುಗಿ ಕಾಯುತ್ತಿದ್ದಳು. ಟೀಚರ್‌ಗೆ ಅವಳ ಮುಖ ನೋಡಲಾಗಲಿಲ್ಲ.

"ಸ್ಟೇಜ್ ಮೇಲೆ ಬೇರೆಯವರು ಮಾತಾಡ್ತಾರೆ ಕಣೆ. ಬೇಜಾರು ಮಾಡ್ಕೋಬೇಡ. ಅದಿರಲಿ, ಇಷ್ಟು ಚೆಂದದ ಯೋಚನೆ ನಿಂಗೆ ಹೇಗೆ ಬಂತು?"

"ಹೋದ ವರ್ಷ ಗ್ರೂಪ್ ಫೋಟೋ ತೆಗೆಸುವಾಗ, ಕಪ್ಪಗೆ ಕಾಣ್ತೀಯ ಅಂತ ನನ್ನನ್ನ ಹಿಂದಿನ ಸಾಲಿಗೆ ಕಳಿಸಿದ್ರಲ್ಲ ಮಿಸ್ ನೀವು, ಆವತ್ತೇ ಬಂತು."