ಎಣಿಸದ ಮರಿಗಳು

ಇಲಿಗಳ ಸಂಸಾರದ ಮಾತು ಇದು. ಹೇಳಲು ಹೊರಟಿದ್ದಕ್ಕೆ ಕ್ಷಮೆಯಿರಲಿ. ಬಳ್ಳಾರಿಯ ಪ್ರಯೋಗಾಲಯದಲ್ಲಿ ಜ್ಯೋತಿ ಪಂಜರದೊಳಗೆ ಬಗ್ಗಿ ನೋಡಿದಳು. ಬೇವಿನೆಲೆಯ ಸಾರ ಕುಡಿದು ಮರಿ ಹುಟ್ಟಿಸುವ ಶಕ್ತಿ ಕಳೆದುಕೊಂಡಿದ್ದ ಗಂಡಿಲಿಗೆ, ಸಾರ ನಿಲ್ಲಿಸಿದ ಮೇಲೆ ಆ ಶಕ್ತಿ ಮರಳುತ್ತದೆಯೇ ಎಂಬುದು ಅವಳ ಮೂರು ವರ್ಷದ ಪ್ರಶ್ನೆ. ಸಾರ ನಿಲ್ಲಿಸಿದ ಮೇಲೆ ಆ ಗಂಡಿನ ಜೊತೆ ಬಿಟ್ಟಿದ್ದ ಹೆಣ್ಣಿಲಿಯ ಹೊಟ್ಟೆಯಡಿ ಕೆಂಪು ಮರಿಗಳು ಮಿಸುಕುತ್ತಿದ್ದವು. ಅವಳು ಬೆರಳು ಚಾಚಿ ಎಣಿಸತೊಡಗಿದಳು.

ಇಲಿಗಳನ್ನು ನೋಡಿಕೊಳ್ಳುವ ಕರೂರಿನ ಗಾದೆಪ್ಪ ತನ್ನ ಟವೆಲ್ಲನ್ನು ಪಂಜರದ ಮೇಲೆ ಹೊದಿಸಿದ. “ಹಸಿ ಬಾಣಂತಿ ಐತ್ರಿ ಮೇಡಂ. ಇವತ್ತ ಎಣಸಬ್ಯಾಡ್ರಿ, ದೃಷ್ಟಿ ತಾಗತೈತಿ.”

“ಎಷ್ಟು ಅಂತ ಬರೀಬೇಕಲ್ಲ, ಗಾದೆಪ್ಪಣ್ಣ?”

“ಅಪ್ಪ ಆಗ್ಯಾನಲ್ರಿ, ಅದನ್ನ ಬರೀರಿ.”

ಜ್ಯೋತಿ ನಕ್ಕು ಅಷ್ಟನ್ನೇ ಬರೆದಳು. ಮೂರನೆಯ ದಿನ ಎಣಿಸಿದಾಗ ಎಂಟಿದ್ದವು. ಮೊದಲ ದಿನ ಎಷ್ಟಿದ್ದವೋ ಗೊತ್ತಿಲ್ಲ.