ವಾಪಸ್ ನಡೆದು ಬಂದವಳು

ಇದನ್ನು ಓದಿ ಮುಗಿಸುವ ತನಕ ನನ್ನನ್ನು ಒಳ್ಳೆಯವನು ಅಂದುಕೊಳ್ಳಬೇಡಿ...

ನಾನು ಶಿರಾದವನು. ಮದುವೆ ಕೇಟರಿಂಗ್ ನನ್ನ ಕಸುಬು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಅಡುಗೆಯನ್ನು ಯಾರೂ ಹಳಿದಿಲ್ಲ. ಆ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಲಾಕ್‌ಡೌನ್ ಬಂತು. ಬುಕ್ ಆಗಿದ್ದ ಮದುವೆಗಳೆಲ್ಲ ಕ್ಯಾನ್ಸಲ್ ಆದವು. ನಮ್ಮೂರ ಹೈವೇ ಮೇಲೆ ಜನ ನಡೆಯುವುದಕ್ಕೆ ಶುರುವಾಯಿತು...

ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದವರು. ರಾಯಚೂರು, ಕೊಪ್ಪಳ, ಯಾದಗಿರಿಯ ಕಡೆಯವರು. ತಲೆ ಮೇಲೆ ಗಂಟು, ಕಂಕುಳಲ್ಲಿ ಮಗು. ಬಸ್ಸಿಲ್ಲ, ರೈಲಿಲ್ಲ.

ಸುಮ್ಮನೆ ಕೂರಲು ಮನಸ್ಸಾಗಲಿಲ್ಲ. ಬೆಳಗಿನ ಜಾವ ಎದ್ದು ನಾನೂ ನನ್ನ ಹೆಂಡತಿಯೂ ಮೊಸರನ್ನ ಕಲಸಿ, ಬಿಸಿ ಬಿಸಿಯಾಗಿಯೇ ನಾಲ್ಕು ನೂರು ಪ್ಯಾಕೆಟ್ ಕಟ್ಟಿದೆವು. ವ್ಯಾನಿಗೆ ನನ್ನ ಫೋಟೋ ಇರುವ ಬ್ಯಾನರನ್ನೂ ಕಟ್ಟಿದೆ. ಅದೊಂದು ಚಟ, ಏನು ಮಾಡುವುದು!

ಹತ್ತು ಗಂಟೆಯೊಳಗೆ ಎಲ್ಲ ಖಾಲಿ. ಎಲ್ಲರೂ ಕೈಮುಗಿದು ಹೋದರು. ಅವತ್ತು ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮರುದಿನ ಬೆಳಗ್ಗೆ ಎಂಟು ಗಂಟೆ. ನಾನೂ ಹೆಂಡತಿಯೂ ಮತ್ತೆ ಮೊಸರನ್ನದ ಪ್ಯಾಕೆಟ್ ತಂದು ವ್ಯಾನ್ ನಿಲ್ಲಿಸಿದ್ದೆವು ಅಷ್ಟೇ, ಇನ್ನೂ ಹಂಚಲು ಶುರು ಮಾಡಿರಲಿಲ್ಲ. ಆಗಲೇ ಉದ್ದಕ್ಕೆ ಸಾಲು ನಿಂತಿತ್ತು.

ಆಗ ಒಬ್ಬ ಹೆಂಗಸು ಬಂದಳು... ಎಲ್ಲರೂ ಬರುವ ದಿಕ್ಕಿನಿಂದಲ್ಲ, ಎಲ್ಲರೂ ಹೋಗುವ ದಿಕ್ಕಿನಿಂದ.

ಹಸಿರು ಸೀರೆ, ಕಿತ್ತ ಚಪ್ಪಲಿಗೆ ಸುತ್ತಿದ ದಾರ. ತಕ್ಷಣ ಗುರುತು ಸಿಕ್ಕಿತು. ನಿನ್ನೆ ನನ್ನ ಕೈಯಿಂದಲೇ ಪ್ಯಾಕೆಟ್ ತೆಗೆದುಕೊಂಡವಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಏನಮ್ಮಾ, ನಿನ್ನೆ ಈಸ್ಕಂಡು ಹೋದೋಳು ಇವತ್ತೂ ಬಂದ್ಯಾ? ಹಿಂದೆ ಬರೋರ್ ಹೊಟ್ಟೆಗೆ ಏನ್ ಹಾಕ್ಲಿ? ಒಬ್ರಿಗೆ ಒಂದೇ, ನಡಿ ನಡಿ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಿದಳು. ಆದರೆ ಹೋಗಲಿಲ್ಲ.

"ಅಣ್ಣಾರೇ... ಒಂದ್ ಮಾತೈತ್ರೀ. ಸ್ವಲ್ಪ ಬಾಜೂಕ ಬರ್ರಿ."

"ಅಲ್ಲೇ ದೂರ ನಿಂತ್ಕಂಡು ಹೇಳಮ್ಮ!" ಕೊರೋನಾ ಭಯ ನನಗೆ.

ಅವಳು ಸಾಲಿನ ಕಡೆ ನೋಡಿದಳು, ಬ್ಯಾನರಿನಲ್ಲಿದ್ದ ನನ್ನ ಫೋಟೋ ಕಡೆ ನೋಡಿದಳು. ವ್ಯಾನಿನ ಹಿಂದಕ್ಕೆ ಹೋಗಿ ನಿಂತಳು. ಗೊಣಗುತ್ತಾ ನಾನೂ ಹೋದೆ.

ಅವಳು ದನಿ ತಗ್ಗಿಸಿ ಹೇಳಿದಳು: "ಈ ಬುತ್ತಿ ಕೊಡಬ್ಯಾಡ್ರಿ ಅಣ್ಣಾರೇ. ನಿನ್ನೀದು ಹಳಸಿತ್ರೀ. ನನ್ನ ಕೂಸು ಉಂಡು, ರಾತ್ರೆಲ್ಲಾ ವಾಂತಿ, ಭೇದಿ..."

ನನಗೆ ನಂಬಿಕೆ ಬರಲಿಲ್ಲ. ಒಂದು ಪ್ಯಾಕೆಟ್ ಬಿಚ್ಚಿ ಅವಳೆದುರೇ ಒಂದು ತುತ್ತು ತಿಂದೆ. "ನೋಡು, ಚೆನ್ನಾಗೇ ಐತಲ್ಲ!"

"ಈಗ ಚಲೋ ಐತ್ರೀ. ಆದ್ರ ನಾವು ಈಗ ಉಣ್ಣಂಗಿಲ್ರೀ. ಮುಂದ ಸಿಗತೈತೋ ಇಲ್ಲೋ ಅಂತ ಗಂಟಿನ್ಯಾಗ ಇಟ್ಕೊಂಡು, ಸಂಜೀಕ ಎಲ್ಲಾರೂ ಕುಂತು ಬಿಚ್ತೀವ್ರೀ. ಮೊದಲ ತುತ್ತು ಕೂಸಿಗೆ. ನಾಕ್ ತುತ್ತು ಉಂಡ ಮ್ಯಾಲ ನನಗ ವಾಸನಿ ಬಂತ್ರೀ..."

ಮದುವೆ ಮನೆಯ ಊಟ ಒಲೆಯಿಂದ ಇಳಿದರೆ ನೇರ ಎಲೆಗೆ. ಒಂದು ಗಂಟೆಯೂ ಕಾಯುವುದಿಲ್ಲ. ಪಂಕ್ತಿಗೆ ಬಡಿಸಿ ಗೊತ್ತಿದ್ದ ನನಗೆ ದಾರಿಗೆ ಬುತ್ತಿ ಕಟ್ಟಿ ಗೊತ್ತಿರಲಿಲ್ಲ. ಬಿಸಿ ಅನ್ನಕ್ಕೆ ಮೊಸರು, ಪ್ಲಾಸ್ಟಿಕ್ ಕವರಿಗೆ ಗಂಟು, ಮೇಲೆ ಮೇ ತಿಂಗಳ ಬಿಸಿಲು...

"ಮಗು ಎಲ್ಲಿದೆ?" ಅಂದೆ.

"ಮುಂದ, ಎಂಟ್ ಕಿಲೋಮೀಟರ್. ನಿನ್ನೆ ಬಿಸಲಾಗ ಹೆಚ್ಚು ನಡಿಯಾಕ ಆಗ್ಲಿಲ್ರೀ. ಬಸ್‌ಸ್ಟಾಪಿನ್ಯಾಗ ಅವರಪ್ಪ ಹಿಡ್ಕೊಂಡು ಕುಂತಾನ್ರೀ. ಯಾ ಗಾಡೀನೂ ನಿಂದರವಲ್ದು."

"ಅಂಥಾ ಮಗೂನ ಬಿಟ್ಟು ಇದನ್ನ ಹೇಳಕ್ಕೆ ನಡ್ಕಂಡು ಬಂದ್ಯಾ ತಾಯಿ?"

"ಹಿಂದ ಬರೋ ಮಂದ್ಯಾಗೂ ಕೂಸು ಅದಾವಲ್ರೀ..."

ಊರಿನ ದಾರಿಯಲ್ಲಿ ಎಂಟು ಕಿಲೋಮೀಟರ್ ಹಿಂದಕ್ಕೆ. ತನಗೆ ಪರಿಚಯವೇ ಇಲ್ಲದ ಯಾರದೋ ಮಕ್ಕಳಿಗಾಗಿ...

"ಎಲ್ಲರ ಮುಂದೆಯೇ ಕೂಗಿ ಹೇಳಬಹುದಿತ್ತಲ್ಲಮ್ಮ? ನಾನು ನಿನ್ನನ್ನ ಅಷ್ಟು ಬೈದೆ..."

"ಉಣಾಕ ಕೊಟ್ಟ ಕೈ ಅಣ್ಣಾರೇ. ನಾಕ್ ಮಂದ್ಯಾಗ ನಿಮ್ಮ ಮಾರಿ ಸಣ್ಣದು ಹ್ಯಾಂಗ ಮಾಡ್ಲಿ?"

ನಾನು ಅಲ್ಲೇ ಅತ್ತುಬಿಟ್ಟೆ.

ಹೆಂಡತಿಗೆ ಹೇಳಿದೆ, "ಯಾರಿಗೂ ಕೈಗೆ ಕೊಡಬೇಡ. ಎಲ್ಲರನ್ನೂ ಇಲ್ಲೇ ನೆರಳಲ್ಲಿ ಕೂರಿಸಿ, ಈಗಲೇ ಬಡಿಸು." ಬ್ಯಾನರ್ ಕಿತ್ತು ನೆಲಕ್ಕೆ ಹಾಸಿದೆ. ಪ್ಯಾಕೆಟ್‌ಗಳನ್ನೆಲ್ಲ ಇಳಿಸಿ, ಆ ತಾಯಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ವ್ಯಾನ್ ಓಡಿಸಿದೆ.

ಮಗುವಿನ ಹೆಸರು ಭಾಗ್ಯಶ್ರೀ. ಮೂರು ವರ್ಷ. ಅಪ್ಪನ ತೊಡೆಯ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ತುಟಿ ಒಣಗಿತ್ತು, ಕಣ್ಣು ಒಳಗೆ ಹೋಗಿತ್ತು. ತಾಲೂಕು ಆಸ್ಪತ್ರೆಯಲ್ಲಿ ಎರಡು ಬಾಟಲಿ ಗ್ಲೂಕೋಸ್ ಹತ್ತಿದ ಮೇಲೆ, ಮಧ್ಯಾಹ್ನ ಮೂರಕ್ಕೆ ಕಣ್ಣು ಬಿಟ್ಟು "ಯವ್ವಾ" ಅಂದಿತು.

ಡಾಕ್ಟರ್ ಹೊರಗೆ ಬಂದು ಹೇಳಿದರು: "ಇನ್ನೊಂದು ಮೂರು ಗಂಟೆ ತಡವಾಗಿದ್ದರೆ ಕಷ್ಟ ಇತ್ತು."

ಆಕೆಯ ಹೆಸರು ಅಮರಮ್ಮ. ಲಿಂಗಸುಗೂರು ಕಡೆಯವಳು. ಹೊರಡುವಾಗ ಕೇಳಿದ್ದು ಒಂದೇ. "ಖಡಕ್ ರೊಟ್ಟಿ ಮಾಡಿಸ್ರಿ ಅಣ್ಣಾರೇ, ಶೇಂಗಾ ಹಿಂಡಿ ಕೊಡ್ರಿ. ಎಂಟ್ ದಿನ ಕೆಡಂಗಿಲ್ಲ." ಅದಾದ ಮೇಲೆ ಲಾಕ್‌ಡೌನ್ ಮುಗಿಯುವ ತನಕ ನಾನು ದಾರಿಗೆ ಕೊಟ್ಟಿದ್ದು ರೊಟ್ಟಿಯನ್ನೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು...

ಅಮರಮ್ಮನ ಸಂಸಾರವನ್ನು ಒಂದು ಲಾರಿಗೆ ಹತ್ತಿಸಿದವನು, ಅದೇ ಹೈವೇಯಲ್ಲಿ ಮುಂದೆ ಮುಂದೆ ಹೋದೆ. ಮೊದಲ ದಿನ ಪ್ಯಾಕೆಟ್ ತೆಗೆದುಕೊಂಡವರನ್ನು ಹುಡುಕುತ್ತಾ ಐವತ್ತು ಕಿಲೋಮೀಟರ್ ಹೋದೆ. ಗುರುತಿನವರು ಒಬ್ಬರೂ ಸಿಗಲಿಲ್ಲ. ರಸ್ತೆ ಬದಿಯಲ್ಲಿ ನನ್ನ ಕವರುಗಳು ಸಿಕ್ಕವು.

ಅನ್ನದ ಸಮೇತ ಬಿಸಾಡಿದ ಕವರು ಕಂಡಾಗಲೆಲ್ಲ ಇಳಿದು, ಸದ್ಯ ಇವರು ತಿಂದಿಲ್ಲ ಅಂತ ಕೈಮುಗಿದೆ. ಹಿಂದೆ ಆಗಿದ್ದರೆ, ಕೊಬ್ಬು ನೋಡು ಇವರಿಗೆ ಅಂತ ಬೈಯುತ್ತಿದ್ದೆ.

ಆದರೆ ಪೂರ್ತಿ ಖಾಲಿಯಾದ ಕವರುಗಳೂ ಇದ್ದವು... ತುಂಬಾ ಇದ್ದವು.

ನಾನು ಹಂಚಿದ್ದು ನಾಲ್ಕು ನೂರು. ವಾಪಸ್ ಬಂದು ಹೇಳಿದವಳು ಒಬ್ಬಳೇ. ಉಳಿದವರು ಏನಾದರು... ಇವತ್ತಿಗೂ ನನಗೆ ಗೊತ್ತಿಲ್ಲ.

ಕೊಟ್ಟ ಕೂಡಲೇ ನಮ್ಮ ಕೆಲಸ ಮುಗಿಯುವುದಿಲ್ಲ... ಅದು ಅವರ ಹೊಟ್ಟೆಯಲ್ಲಿ ಅನ್ನವಾಯಿತೋ ವಿಷವಾಯಿತೋ ಅಂತ ತಿಳಿಯುವ ತನಕ ಅದು ನಮ್ಮದೇ ಹೊಣೆ.

ನೀವು ಯಾರಿಗೋ ಸಹಾಯ ಮಾಡಿ, ಫೋಟೋ ಹಾಕಿ, ನೆಮ್ಮದಿಯಾಗಿ ಮಲಗಿದಿರಲ್ಲ... ಮರುದಿನ ಅವರು ಹೇಗಿದ್ದಾರೆ ಅಂತ ಒಮ್ಮೆಯಾದರೂ ಕೇಳಿದಿರಾ?