ಗೊತ್ತಿಲ್ಲ ಅಂತಾದರೂ ಹೇಳು

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ತಪ್ಪಿದ್ದರೆ ಗುಲಾಮರ ವಂಶದವರ ಊರಾದ ಲೋಯಿಸಾದವರು ಕ್ಷಮಿಸಲಿ. ಅಲ್ಲಿ ಕುಣಿತದ ಹಬ್ಬದ ದಿನ ಮುದುಕಿ ತೋಮಾಸಾ ಬಿಳಿ ಲಂಗದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಡೋಲಿನ ಮುಂದೆ ನಿಂತಿದ್ದಳು. ಬೊಂಬಾ ಎಂಬ ಆ ಕುಣಿತದಲ್ಲಿ ಡೋಲು ಹೇಳಿದಂತೆ ಕಾಲು ಕುಣಿಯುವುದಿಲ್ಲ. ಕಾಲು ಹೇಳಿದ್ದನ್ನು ಡೋಲು ನುಡಿಯಬೇಕು. ಅವಳ ಕಾಲು ಕದಲಲೇ ಇಲ್ಲ. ರಾಜಧಾನಿಯಿಂದ ಬಂದ ನಿರೂಪಕ ಆಗಷ್ಟೇ ಮೈಕಿನಲ್ಲಿ ಓದಿದ್ದ: "ಕಬ್ಬಿನ ತೋಟದ ಗುಲಾಮರು ದುಃಖ ಮರೆತು ಸಂತೋಷದಿಂದ ಕುಣಿಯುತ್ತಿದ್ದರು."

"ಚಿಕ್ಕಮ್ಮ, ಶುರು ಮಾಡು," ಎಂದ ಡೋಲಿನ ಮೇಲೆ ಕೈಯಿಟ್ಟು ಕೂತಿದ್ದ ನಾಂದೊ.

"ಸಂತೋಷವಂತೆ. ಇವನ ಅಜ್ಜ ಬಂದು ನೋಡಿದ್ನಾ?" ಅವಳು ನಿರೂಪಕನತ್ತ ತಿರುಗಿದಳು. "ಗುಲಾಮರು ಅಂತ ಎಲ್ಲರನ್ನೂ ಒಂದೇ ಮೂಟೆ ಕಟ್ಬೇಡಪ್ಪ. ನಮ್ಮ ಮುತ್ತಜ್ಜಿಯ ಅಮ್ಮ ಆ ತೋಟದಲ್ಲೇ ಸತ್ತಿದ್ದು. ಅವಳ ಹೆಸರು ಹೇಳು, ಕುಣೀತೀನಿ."

ನಿರೂಪಕ ನಕ್ಕ. "ಆಗ್ಲಿ ತಾಯಿ, ಹೆಸರೇನು?"

ತೋಟದ ಹಳೇ ದಾಖಲೆಯಲ್ಲಿ ಆ ಹೆಂಗಸಿನ ಬಗ್ಗೆ ತೋಮಾಸಾ ಕಂಡಿದ್ದು ಇಷ್ಟೇ: 'ಹೆಣ್ಣು, ಒಂದು.'

"ಗೊತ್ತಿಲ್ಲ," ಎಂದಳು. "ಹೆಸರನ್ನೂ ಕಿತ್ಕೊಂಡ್ರಲ್ಲ, ಎಲ್ಲಿಂದ ಗೊತ್ತಾಗ್ಬೇಕು? ಗೊತ್ತಿಲ್ಲ ಅಂತಾದ್ರೂ ಆ ಮೈಕಲ್ಲಿ ಹೇಳು."

ಅವನು ಕಾಗದ ತಿರುವಿ ಮುಂದಿನ ಸಾಲು ಓದತೊಡಗಿದ. ತೋಮಾಸಾ ಅವನಿಗೆ ಬೆನ್ನು ಹಾಕಿ, ಡೋಲಿಗೆ ತಲೆಬಾಗಿ, ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಒದ್ದಳು. ಡೋಲು ಒಮ್ಮೆ ಗುಡುಗಿತು. ಹೆಸರೇನು ಎಂಬ ಅದೇ ಪ್ರಶ್ನೆಯನ್ನು ಮತ್ತೆ ಒದ್ದು ಕೇಳಿದಳು, ಡೋಲು ಮತ್ತೆ ಗುಡುಗಿತು. ಆಮೇಲೆ ಮೈಕಿನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಆ ಹೆಂಗಸಿನ ಹೆಸರು ನನಗೂ ಗೊತ್ತಿಲ್ಲ.